ಅಂದಲೂಸಿಯಾದಲ್ಲಿ ಸೋಮವಾರ: ಬೀಗದ ಕೈ ಯಾರ ಹತ್ತಿರ ಇದೆ ನೋಡಿ

ಪ್ರಶ್ನೆ: ದಸರಾ ರಜೆಗೆ ಅಪ್ಪ, ಅಮ್ಮ, ನಾನು, ನನ್ನ ಹೆಂಡತಿ ದಕ್ಷಿಣ ಸ್ಪೇನಿನ ಅಂದಲೂಸಿಯಾಗೆ ಹೊರಟಿದ್ದೇವೆ. ಒಂಬತ್ತು ದಿನ. ಶನಿವಾರ ರಾತ್ರಿ ಸೆವಿಲ್ ತಲುಪುತ್ತೇವೆ. ಭಾನುವಾರ ಬೆಳಗ್ಗೆ ಅಲ್ಲಿನ ಕೆಥೆಡ್ರಲ್, ಆಮೇಲೆ ಅಲ್ಕಾಸರ್ ಅರಮನೆ. ಸೋಮವಾರ ಕೊರ್ಡೊಬಾ ಮತ್ತು ಅದರ ಪಕ್ಕದ ಮದೀನಾ ಅಸಾಹರಾ ಅನ್ನುವ ಹಾಳು ರಾಜಧಾನಿ. ಮಂಗಳವಾರ ಸೆವಿಲ್‌ನಲ್ಲಿ ಉಳಿದಿದ್ದು. ಬುಧವಾರ, ಗುರುವಾರ ಗ್ರಾನಡಾ. ಶುಕ್ರವಾರದಿಂದ ಮಾಲಗಾ. ಕೊನೆಯ ಸೋಮವಾರ ಬೆಳಗ್ಗೆ ಕಮಿನಿತೊ ದೆಲ್ ರೇ ನಡಿಗೆ, ರಾತ್ರಿ ವಿಮಾನ. ಸ್ಪೇನಿನಲ್ಲಿ ಸೋಮವಾರ ಎಲ್ಲಾ ಮುಚ್ಚಿರುತ್ತದೆ ಅಂತ ಯಾರೋ ಹೆದರಿಸಿದ್ದಾರೆ. ನಿಜವಾ? ತೆರೆದಿರುವ ಜಾಗ ಯಾವುವು, ಹುಡುಕುವುದು ಹೇಗೆ?

ಉತ್ತರ: ನಿಮ್ಮ ಪಟ್ಟಿ ನೋಡಿ ಸಣ್ಣಗೆ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ಇರುವುದು ಎರಡು ಸೋಮವಾರ. ಎರಡಕ್ಕೂ ಹುಡುಕಿ ಹುಡುಕಿ ಮುಚ್ಚಿರುವ ಜಾಗವನ್ನೇ ಇಟ್ಟಿದ್ದೀರಿ. ಮದೀನಾ ಅಸಾಹರಾಗೆ ಸೋಮವಾರ ರಜೆ. ಕಮಿನಿತೊ ದೆಲ್ ರೇಗೂ ಸೋಮವಾರ ರಜೆ. ಸಾಲದ್ದಕ್ಕೆ ಭಾನುವಾರ ಬೆಳಗ್ಗೆ ಕೆಥೆಡ್ರಲ್ ಅಂತ ಬರೆದಿದ್ದೀರಿ. ಆ ಹೊತ್ತಿನಲ್ಲಿ ಒಳಗೆ ಪೂಜೆ ನಡೆಯುತ್ತಿರುತ್ತದೆ, ಪ್ರವಾಸಿಗರಿಗೆ ಬಾಗಿಲು ತೆರೆಯುವುದು ಮಧ್ಯಾಹ್ನ ಎರಡೂವರೆಗೆ.

ಆದರೆ ಯಾವುದನ್ನೂ ಬಿಡಬೇಕಾಗಿಲ್ಲ. ದಿನಗಳನ್ನು ಆಚೀಚೆ ಮಾಡಿದರೆ ಸಾಕು. ಅದಕ್ಕೆ ಮೊದಲು ಅಲ್ಲಿನ ಸೋಮವಾರ ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಹೇಳಿಬಿಡುತ್ತೇನೆ, ಆಮೇಲೆ ಹೊಸ ಜಾಗ ಸೇರಿಸಬೇಕಾದರೂ ನೀವೇ ಊಹಿಸಬಹುದು.

"ಸೋಮವಾರ ಎಲ್ಲಾ ಬಂದ್" ಅನ್ನುವುದು ಅರ್ಧ ನಿಜ. ಶನಿವಾರ, ಭಾನುವಾರ ಜನ ಜಾಸ್ತಿ ಬರುತ್ತಾರೆ, ಹಾಗಾಗಿ ಸಿಬ್ಬಂದಿಗೆ ವಾರದ ರಜೆ ಸೋಮವಾರ. ನಮ್ಮ ಮೈಸೂರು ಝೂಗೆ ಮಂಗಳವಾರ ರಜೆ ಇದ್ದ ಹಾಗೆ. ಆದರೆ ಈ ಲೆಕ್ಕ ಎಲ್ಲರಿಗೂ ಒಂದೇ ಅಲ್ಲ. ನಾನು ವರ್ಷಕ್ಕೊಂದೆರಡು ಸಲ ನಮ್ಮವರ ಸಣ್ಣ ಗುಂಪು ಕಟ್ಟಿಕೊಂಡು ಆ ಕಡೆ ಹೋಗುವವನು. ಜಾಗದ ಹೆಸರು ಹಿಡಿದು ಪಟ್ಟಿ ಬಾಯಿಪಾಠ ಮಾಡುವುದನ್ನು ಯಾವತ್ತೋ ಬಿಟ್ಟೆ. ಈಗ ಕೇಳುವುದು ಒಂದೇ: ಇದರ ಬೀಗದ ಕೈ ಯಾರ ಹತ್ತಿರ ಇದೆ?

ಅಂದಲೂಸಿಯಾ ಪ್ರಾಂತ್ಯದ ಸರ್ಕಾರಕ್ಕೆ ಹುಂತಾ ಅನ್ನುತ್ತಾರೆ. ಹುಂತಾ ನಡೆಸುವ ಮ್ಯೂಸಿಯಂ, ಅಗೆದು ತೆಗೆದ ಹಳೆ ಊರುಗಳು, ಇವುಗಳಿಗೆ ಸೋಮವಾರ ಬೀಗ. ಸೆವಿಲ್‌ನ ಲಲಿತಕಲಾ ಮ್ಯೂಸಿಯಂ, ಸೆವಿಲ್ ಹೊರಗಿನ ಇತಾಲಿಕಾ ಅನ್ನುವ ರೋಮನ್ ಊರು, ಕೊರ್ಡೊಬಾದ ಪುರಾತತ್ವ ಮ್ಯೂಸಿಯಂ, ಮದೀನಾ ಅಸಾಹರಾ, ಅಂತೆಕೆರಾದ ಕಲ್ಲುಗೋರಿಗಳು, ಮಾಲಗಾ ಮ್ಯೂಸಿಯಂ, ಕಾದಿಸ್ ಮ್ಯೂಸಿಯಂ, ಎಲ್ಲಾ ಈ ಗುಂಪಿನವು. ಮ್ಯಾಡ್ರಿಡ್‌ನ ಕೇಂದ್ರ ಸರ್ಕಾರದ ಕೈಯಲ್ಲಿರುವ ಸೆವಿಲ್‌ನ ಆರ್ಕೀವೊ ದೆ ಇಂದಿಯಾಸ್ ಕೂಡ ಹಾಗೇ. ಹೆಸರು ನೋಡಿ ನಮ್ಮ ಇಂಡಿಯಾದ್ದು ಅಂದುಕೊಳ್ಳಬೇಡಿ, ಅದು ಕೊಲಂಬಸ್ ತಪ್ಪು ತಿಳಿದುಕೊಂಡ ಇಂಡಿಯಾ, ಅಂದರೆ ಅಮೆರಿಕದ ಕಾಗದಪತ್ರ.

ಚರ್ಚಿನ ಕೈಯಲ್ಲಿರುವುದು ಇದಕ್ಕೆ ಪೂರ್ತಿ ಉಲ್ಟಾ. ಅವರಿಗೆ ತೊಡಕಿನ ದಿನ ಭಾನುವಾರ, ಸೋಮವಾರ ಆರಾಮ. ಸೆವಿಲ್ ಕೆಥೆಡ್ರಲ್, ಮಸೀದಿಯಾಗಿದ್ದು ಈಗ ಕೆಥೆಡ್ರಲ್ ಆಗಿರುವ ಕೊರ್ಡೊಬಾದ ಮೆಸ್ಕಿಟಾ, ಗ್ರಾನಡಾದ ಕೆಥೆಡ್ರಲ್ ಮತ್ತು ಪಕ್ಕದ ರಾಜಮನೆತನದ ಗೋರಿಮಂದಿರ, ಮಾಲಗಾ ಕೆಥೆಡ್ರಲ್, ಎಲ್ಲವೂ ಸೋಮವಾರ ತೆರೆದಿರುತ್ತವೆ. ಭಾನುವಾರ ಮಾತ್ರ ಬೆಳಗಿನ ಹೊತ್ತು ಪೂಜೆಗೆ ಹೋಗುತ್ತದೆ, ಕೆಲವು ಕಡೆ ಮಧ್ಯಾಹ್ನದ ತನಕ. ಇದೊಂದನ್ನು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಭಾನುವಾರ ಬೆಳಗ್ಗೆ ಸರ್ಕಾರಿ ಮ್ಯೂಸಿಯಂ, ಸೋಮವಾರ ದೇವರ ಮನೆ. ನಮ್ಮವರು ಸಾಮಾನ್ಯವಾಗಿ ಇದನ್ನು ತಿರುಗಿಸಿ ಮಾಡುತ್ತಾರೆ, ಎರಡು ದಿನವೂ ಹಾಳು.

ಖಾಸಗಿಯವರು, ಅಂದರೆ ಹಳೆ ಜಮೀನ್ದಾರಿ ಮನೆತನಗಳ ಅರಮನೆ, ಟ್ರಸ್ಟ್‌ಗಳ ಮ್ಯೂಸಿಯಂ, ಗೂಳಿ ಕಾಳಗದ ಅಂಗಳ, ಇವರು ಹೆಚ್ಚಿನವರು ಸೋಮವಾರವೂ ತೆರೆಯುತ್ತಾರೆ. ಟಿಕೆಟ್ ದುಡ್ಡಿನಲ್ಲೇ ಮನೆ ನಡೆಯಬೇಕಲ್ಲ.

ನಗರಸಭೆಯದ್ದು ಮಾತ್ರ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಸೆವಿಲ್ ಅಲ್ಕಾಸರ್ ನಗರಸಭೆಯದ್ದು, ದಿನಾ ತೆರೆದಿರುತ್ತದೆ. ಕೊರ್ಡೊಬಾದ ಅಲ್ಕಾಸರ್ ಕೂಡ ನಗರಸಭೆಯದ್ದೇ, ಸೋಮವಾರ ಮುಚ್ಚಿರುತ್ತದೆ. ಒಂದೇ ಹೆಸರು, ಒಂದೇ ಥರದ ಒಡೆಯ, ನಡವಳಿಕೆ ಬೇರೆ. ಮಾಲಗಾದ ಅಲ್ಕಸಾಬಾ ಕೋಟೆ ದಿನಾ ತೆರೆದಿರುತ್ತದೆ, ಆದರೆ ಅದರ ಬುಡದಲ್ಲೇ ಇರುವ ರೋಮನ್ ರಂಗಮಂದಿರ ಹುಂತಾದ್ದು, ಸೋಮವಾರ ಬೀಗ. ರಸ್ತೆಯಲ್ಲಿ ನಿಂತರೆ ಇಡೀ ರಂಗಮಂದಿರ ಕಣ್ಣಿಗೆ ಕಾಣುತ್ತದೆ ಬಿಡಿ, ಒಳಗೆ ಹೋಗದಿದ್ದರೆ ದೊಡ್ಡ ನಷ್ಟ ಏನಿಲ್ಲ.

ಇನ್ನು ಅಲ್ಹಂಬ್ರಾ, ಗ್ರಾನಡಾದ ಬೆಟ್ಟದ ಮೇಲೆ ಮುಸ್ಲಿಂ ಅರಸರು ಕಟ್ಟಿದ ಕೋಟೆ ಮತ್ತು ಅರಮನೆಗಳು. ಅದೂ ಹುಂತಾದ್ದೇ, ಆದರೆ ಅದಕ್ಕೆ ತನ್ನದೇ ಮಂಡಳಿ ಇದೆ, ತನ್ನದೇ ನಿಯಮ. ವರ್ಷದಲ್ಲಿ ಎರಡೇ ದಿನ ರಜೆ: ಡಿಸೆಂಬರ್ 25 ಮತ್ತು ಜನವರಿ 1. ಸೋಮವಾರದ ಚಿಂತೆಯೇ ಇಲ್ಲ. ಆದರೆ ಅದರೊಳಗೂ ಒಂದು ಕಿತಾಪತಿ ಇದೆ, ಆಮೇಲೆ ಹೇಳುತ್ತೇನೆ.

ಈಗ ನಿಮ್ಮ ದಿನಗಳಿಗೆ ಬರೋಣ.

ಭಾನುವಾರ ಸೆವಿಲ್‌ನಲ್ಲಿ ಬೆಳಗ್ಗೆ ಲಲಿತಕಲಾ ಮ್ಯೂಸಿಯಂಗೆ ಹೋಗಿ. ಭಾನುವಾರ ಬೆಳಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ ಮಾತ್ರ ಇರುತ್ತದೆ, ಬೆಳಗಿನ ಕೆಲಸ ಅದು. ಐರೋಪ್ಯ ಒಕ್ಕೂಟದವರಿಗೆ ಪುಕ್ಕಟೆ, ನಮಗೆ ಒಂದೂವರೆ ಯೂರೋ. ಹಳೆಯ ಮಠದ ಕಟ್ಟಡ, ಮುರಿಲ್ಯೊ ಮತ್ತು ಸುರ್ಬರಾನ್ ಚಿತ್ರಗಳು, ಮಧ್ಯೆ ಮರ ಇರುವ ಅಂಗಳ, ಕೂರುವುದಕ್ಕೆ ಜಾಗ. ಚಿತ್ರ ನೋಡುವ ಆಸಕ್ತಿ ಇಲ್ಲದವರಿಗೂ ಆ ಅಂಗಳ ಇಷ್ಟವಾಗುತ್ತದೆ, ನಿಮ್ಮ ಅಪ್ಪ ಅಮ್ಮ ಅಲ್ಲೇ ಅರ್ಧ ಗಂಟೆ ಕೂತಿರಬಹುದು. ಆರ್ಕೀವೊ ದೆ ಇಂದಿಯಾಸ್ ಭಾನುವಾರ ಮಧ್ಯಾಹ್ನ 2ಕ್ಕೆ ಮುಚ್ಚುತ್ತದೆ, ಪ್ರವೇಶ ಉಚಿತ. ಆ ಮೆಟ್ಟಿಲು, ಆ ಮರದ ಕಪಾಟುಗಳ ಸಾಲು ನೋಡಲಿಕ್ಕಾದರೂ ಒಂದು ಸುತ್ತು ಹಾಕಿ. ಮಧ್ಯಾಹ್ನ ಮಲಗಿ. ಇದನ್ನು ತಮಾಷೆಗೆ ಹೇಳುತ್ತಿಲ್ಲ, ಮೊದಲ ದಿನ ಮಲಗದೆ ತಿರುಗಿದ ಗುಂಪು ಮೂರನೇ ದಿನ ಜಗಳಕ್ಕೆ ಬೀಳುತ್ತದೆ. ಸಂಜೆ ಪ್ಲಾಸಾ ದೆ ಎಸ್ಪಾನ್ಯಾ. 1929ರ ಮೇಳಕ್ಕೆ ಕಟ್ಟಿದ್ದು, ಅರ್ಧ ಚಂದ್ರಾಕಾರ, ಸ್ಪೇನಿನ ಒಂದೊಂದು ಪ್ರಾಂತ್ಯಕ್ಕೆ ಒಂದೊಂದು ಬಣ್ಣದ ಹೆಂಚಿನ ಕಟ್ಟೆ. ಟಿಕೆಟ್ ಇಲ್ಲ.

ಸೋಮವಾರ ಕೊರ್ಡೊಬಾ ಬೇಡ. ಇಡೀ ಅಂದಲೂಸಿಯಾದಲ್ಲಿ ಸೋಮವಾರಕ್ಕೆ ತೀರಾ ಹೊಂದದ ಊರು ಅದು. ಮೆಸ್ಕಿಟಾ ತೆರೆದಿರುತ್ತದೆ, ನದಿಯಾಚೆಯ ಕಲಹೊರ್ರಾ ಗೋಪುರ ತೆರೆದಿರುತ್ತದೆ, ಉಳಿದಂತೆ ಅಲ್ಕಾಸರ್, 1315ರ ಯಹೂದಿ ಪ್ರಾರ್ಥನಾ ಮಂದಿರ, ಹನ್ನೆರಡು ಅಂಗಳಗಳ ವಿಯಾನಾ ಅರಮನೆ, ಮ್ಯೂಸಿಯಂಗಳು, ಮದೀನಾ ಅಸಾಹರಾ, ಒಂದೂ ಇಲ್ಲ. ವಿಯಾನಾ ಖಾಸಗಿಯದ್ದು, ಆದರೂ ಸೋಮವಾರ ಮುಚ್ಚುತ್ತದೆ. ಮೇಲೆ ಹೇಳಿದ ನಿಯಮಕ್ಕೆ ಅದೊಂದು ಅಪವಾದ. ಮೆಸ್ಕಿಟಾ ಒಂದನ್ನೇ ನೋಡುವ ಉದ್ದೇಶ ಇದ್ದರೆ ಸೋಮವಾರವೂ ನಡೆಯುತ್ತದೆ, ನೀವು ಹಾಗಲ್ಲವಲ್ಲ.

ಹಾಗಾಗಿ ಸೋಮವಾರ ಸೆವಿಲ್‌ನಲ್ಲೇ ಉಳಿಯಿರಿ, ಊರಿನ ಎರಡು ದೊಡ್ಡ ಜಾಗಗಳನ್ನೂ ಆವತ್ತೇ ಮುಗಿಸಿ. ಬೆಳಗ್ಗೆ ಒಂಬತ್ತೂವರೆಗೆ ಅಲ್ಕಾಸರ್ ಬಾಗಿಲು ತೆರೆಯುವಾಗಲೇ ಒಳಗೆ ಹೋಗಿ, ಮೂರು ಗಂಟೆ ಇಟ್ಟುಕೊಳ್ಳಿ. 1364ರಲ್ಲಿ ಕ್ರೈಸ್ತ ರಾಜ ಪೆದ್ರೊ ಮುಸ್ಲಿಂ ಕುಶಲಕರ್ಮಿಗಳ ಕೈಯಲ್ಲಿ ಕಟ್ಟಿಸಲು ಶುರು ಮಾಡಿದ ಅರಮನೆ, ಗೋಡೆಯ ಮೇಲೆ ಅರಬ್ಬಿ ಅಕ್ಷರದಲ್ಲೇ ಆ ಕ್ರೈಸ್ತ ರಾಜನ ಹೊಗಳಿಕೆ ಇದೆ. ಮೊದಲು ಅರಮನೆ, ಕೊನೆಗೆ ತೋಟ. ತೋಟದಲ್ಲಿ ನವಿಲು ಓಡಾಡಿಕೊಂಡಿರುತ್ತವೆ.

ಸೋಮವಾರ ಅಲ್ಕಾಸರ್‌ನಲ್ಲಿ ಕೊನೆಯ ಒಂದು ಗಂಟೆ ಉಚಿತ ಅಂತ ನಿಮಗೆ ಯಾರಾದರೂ ಹೇಳಬಹುದು. ಅದು ನಿಜವೇ. ಮೊದಲೇ ಆನ್‌ಲೈನ್‌ನಲ್ಲಿ ಒಂದು ಯೂರೋ ಕೊಟ್ಟು ಕಾದಿರಿಸಬೇಕು, ಸೀಟು ಬೇಗ ಖಾಲಿಯಾಗುತ್ತವೆ. ಒಂಟಿಯಾಗಿ ಹೋಗುವ ಹುಡುಗರಿಗೆ ಸರಿ. ಅಪ್ಪ ಅಮ್ಮನನ್ನು ಕರೆದುಕೊಂಡು ಏಳೆಂಟು ಸಾವಿರ ಕಿಲೋಮೀಟರ್ ಹೋಗಿ, ಅಂಥ ಅರಮನೆಯನ್ನು ಒಂದು ಗಂಟೆಯಲ್ಲಿ ಓಡಿ ನೋಡುವುದು ಉಳಿತಾಯ ಅಲ್ಲ, ದಂಡ. ದುಡ್ಡು ಕೊಟ್ಟು ಹೋಗಿ.

ಊಟ ಆದಮೇಲೆ ಕೆಥೆಡ್ರಲ್. ಹಿರಲ್ದಾ ಗೋಪುರ ಹತ್ತುವುದಕ್ಕೆ ಅಪ್ಪ ಅಮ್ಮ ಹೆದರುವುದು ಬೇಡ, ಅದರಲ್ಲಿ ಮೆಟ್ಟಿಲಿಲ್ಲ, ಸುತ್ತಿಕೊಂಡು ಹೋಗುವ ಇಳಿಜಾರು ದಾರಿ. ಅದು ಹಿಂದೆ ಮಸೀದಿಯ ಮಿನಾರು. ಬಾಂಗು ಕೂಗುವವರು ಕುದುರೆ ಮೇಲೆ ಕೂತೇ ಮೇಲೆ ಹೋಗಲಿ ಅಂತ ಹಾಗೆ ಕಟ್ಟಿದರು ಅನ್ನುತ್ತಾರೆ. ಕೊನೆಯಲ್ಲಿ ಮಾತ್ರ ಒಂದಷ್ಟು ಮೆಟ್ಟಿಲು. ಮಂಡಿ ನೋವಿದ್ದರೆ ಕೆಳಗೇ ಇದ್ದು ಕೊಲಂಬಸ್ ಗೋರಿ ನೋಡಲಿ, ಸ್ಪೇನಿನ ನಾಲ್ಕು ಹಳೆ ರಾಜ್ಯಗಳ ಪ್ರತೀಕವಾಗಿ ನಾಲ್ವರು ಹೆಗಲ ಮೇಲೆ ಪೆಟ್ಟಿಗೆ ಹೊತ್ತು ನಿಂತಿದ್ದಾರೆ.

ಇನ್ನೂ ಸಮಯ ಉಳಿದರೆ ಕಾಸಾ ದೆ ಪಿಲಾತೊಸ್ ಅಥವಾ ದ್ವೆನ್ಯಾಸ್ ಅರಮನೆ, ಎರಡೂ ಸೋಮವಾರ ಇವೆ. ದ್ವೆನ್ಯಾಸ್‌ನಲ್ಲಿ ಕವಿ ಅಂತೊನಿಯೊ ಮಚಾದೊ ಹುಟ್ಟಿದ್ದು, 1875ರಲ್ಲಿ; 2016ರಿಂದ ಜನರಿಗೆ ತೆರೆದಿದೆ. ನನ್ನನ್ನು ಕೇಳಿದರೆ ಪಿಲಾತೊಸ್. ಅಲ್ಕಾಸರ್‌ನಂಥದ್ದೇ ಹೆಂಚಿನ ಕೆಲಸ, ಜನ ಕಡಿಮೆ, ಸದ್ದಿಲ್ಲ.

ಒಂದು ತಮಾಷೆ ಹೇಳುತ್ತೇನೆ. ಸೆವಿಲ್ ಮಧ್ಯದಲ್ಲಿ ಅಣಬೆ ಆಕಾರದ ದೊಡ್ಡ ಮರದ ಚಪ್ಪರ ಇದೆ, 2011ರದ್ದು, ಊರವರು ಸೆತಾಸ್ ಅಂದರೆ ಅಣಬೆಗಳು ಅಂತಲೇ ಕರೆಯುತ್ತಾರೆ. ಮೇಲೆ ಹತ್ತಿ ಓಡಾಡುವ ದಾರಿ ದಿನಾ ತೆರೆದಿರುತ್ತದೆ, ಸೋಮವಾರವೂ. ಅದೇ ಚಪ್ಪರದ ನೆಲಮಾಳಿಗೆಯಲ್ಲಿ ಅದನ್ನು ಕಟ್ಟಲು ಅಗೆದಾಗ ಸಿಕ್ಕ ರೋಮನ್ ಮನೆಗಳ ಅವಶೇಷ ಇದೆ. ಅದಕ್ಕೆ ಸೋಮವಾರ ಬೀಗ. ಅಂದರೆ ಕಟ್ಟಡ ತೆರೆದಿದೆ ಅಂದರೆ ಒಳಗಿರುವುದೆಲ್ಲಾ ತೆರೆದಿದೆ ಅಂತಲ್ಲ.

ಅಲ್ಹಂಬ್ರಾದ ಕಿತಾಪತಿಯೂ ಇದೇ. ಸೋಮವಾರ ಅಲ್ಹಂಬ್ರಾ ಇದೆ, ಅಲ್ಲಿ ಆಳಿದ ನಸ್ರಿದ್ ಮನೆತನದ ಅರಮನೆಗಳಿವೆ, ಹೆನೆರಲೀಫೆ ತೋಟ ಇದೆ, ಕೋಟೆ ಇದೆ, ಮಧ್ಯದ ಐದನೇ ಕಾರ್ಲೊಸ್ ಅರಮನೆಯ ದುಂಡನೆ ಅಂಗಳವೂ ಇದೆ. ಆದರೆ ಆ ಅರಮನೆಯೊಳಗಿನ ಎರಡು ಮ್ಯೂಸಿಯಂಗಳು, ಕೆಳಗೆ ಅಲ್ಹಂಬ್ರಾ ಮ್ಯೂಸಿಯಂ, ಮೇಲೆ ಲಲಿತಕಲಾ ಮ್ಯೂಸಿಯಂ, ಎರಡೂ ಸೋಮವಾರ ಇಲ್ಲ. ಜಿಂಕೆಗಳಿರುವ ಆ ಪ್ರಸಿದ್ಧ ಹೂಜಿ ಇರುವುದು ಕೆಳಗಿನದರಲ್ಲೇ. ನೀವು ಗ್ರಾನಡಾದಲ್ಲಿರುವುದು ಬುಧವಾರ, ಗುರುವಾರ, ಹಾಗಾಗಿ ನಿಮಗೆ ಸಿಗುತ್ತದೆ, ಬಿಡಬೇಡಿ. ಹೆಚ್ಚಿನವರು ನಸ್ರಿದ್ ಅರಮನೆ ಮುಗಿಸಿ ಸುಸ್ತಾಗಿ ಅದನ್ನು ದಾಟಿ ಹೋಗಿಬಿಡುತ್ತಾರೆ.

ಮಂಗಳವಾರ ಕೊರ್ಡೊಬಾ. ಸೆವಿಲ್‌ನಿಂದ ವೇಗದ ರೈಲಿನಲ್ಲಿ ಮುಕ್ಕಾಲು ಗಂಟೆ. ಬೆಳಗ್ಗೆ ಮೊದಲು ಮದೀನಾ ಅಸಾಹರಾ ಮುಗಿಸಿ. ಊರಿನಿಂದ ಎಂಟು ಕಿಲೋಮೀಟರ್ ಪಶ್ಚಿಮಕ್ಕೆ ಬೆಟ್ಟದ ಬುಡದಲ್ಲಿದೆ. ಹತ್ತನೇ ಶತಮಾನದಲ್ಲಿ ಖಲೀಫ ಮೂರನೇ ಅಬ್ದುರ್ರಹಮಾನ್ ಕಟ್ಟಿಸಿದ ರಾಜಧಾನಿ, ನೂರು ವರ್ಷವೂ ಬಾಳದೆ ಅಂತರ್ಯುದ್ಧದಲ್ಲಿ ಸುಟ್ಟುಹೋಯಿತು. 2018ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಹಂಪಿ ನೋಡಿದವರಿಗೆ ಆ ಜಾಗದ ಬೇಸರ ಕೂಡಲೇ ಅರ್ಥವಾಗುತ್ತದೆ. ಕೆಳಗೆ ಮ್ಯೂಸಿಯಂ, ಅಲ್ಲಿಂದ ಮೇಲಕ್ಕೆ ಸಣ್ಣ ಬಸ್ಸು. ನೆರಳು ಕಡಿಮೆ, ಇಳಿಜಾರು ಜಾಸ್ತಿ, ಟೋಪಿ ಮತ್ತು ನೀರು ಮರೆಯಬೇಡಿ.

ಮಧ್ಯಾಹ್ನದ ಮೇಲೆ ಮೆಸ್ಕಿಟಾ. 785ರ ಆಸುಪಾಸಿನಲ್ಲಿ ಮಸೀದಿಯಾಗಿ ಶುರುವಾಗಿ, ಇನ್ನೂರು ವರ್ಷ ಬೆಳೆದು, 1523ರಿಂದ ಹೊಟ್ಟೆಯ ಮಧ್ಯದಲ್ಲೇ ಒಂದು ಕೆಥೆಡ್ರಲ್ ಏರಿದ ಕಟ್ಟಡ. ಎಂಟುನೂರೈವತ್ತಕ್ಕೂ ಜಾಸ್ತಿ ಕಂಬಗಳು, ಕೆಂಪು ಬಿಳಿ ಕಮಾನು. ಸೋಮವಾರದಿಂದ ಶನಿವಾರದವರೆಗೆ ಬೆಳಗ್ಗೆ ಎಂಟೂವರೆಯಿಂದ ಒಂಬತ್ತೂವರೆ ತನಕ ಉಚಿತ, ಗುಂಪುಗಳಿಗೆ ಬಿಡುವುದಿಲ್ಲ, ಆ ಗಂಟೆಯ ನಿಶ್ಶಬ್ದ ಮತ್ತೆ ಇಡೀ ದಿನ ಸಿಗುವುದಿಲ್ಲ. ಕೊರ್ಡೊಬಾದಲ್ಲೇ ರಾತ್ರಿ ಉಳಿಯುವವರಾಗಿದ್ದರೆ ಖಂಡಿತ ಹೋಗಿ ಅನ್ನುತ್ತಿದ್ದೆ. ಸೆವಿಲ್‌ನಿಂದ ನಸುಕಿನ ರೈಲು ಹಿಡಿಸಿ ಹಿರಿಯರನ್ನು ಓಡಿಸುವಷ್ಟು ದೊಡ್ಡ ವಿಷಯ ಅಲ್ಲ.

ಗ್ರಾನಡಾ ನೀವು ಹಾಕಿದ ಹಾಗೇ ಇರಲಿ, ಒಂದು ಎಚ್ಚರಿಕೆ ಮಾತ್ರ. ಬೇರೆ ಯಾವುದನ್ನೂ ಬುಕ್ ಮಾಡುವ ಮೊದಲು ಅಲ್ಹಂಬ್ರಾ ಟಿಕೆಟ್ ತೆಗೆದುಕೊಳ್ಳಿ. ಅದಕ್ಕೆ ತಕ್ಕ ಹಾಗೆ ಹೋಟೆಲ್, ರೈಲು ಹೊಂದಿಸಿ. ನಸ್ರಿದ್ ಅರಮನೆಗೆ ಅರ್ಧ ಗಂಟೆಗೆ ಮುನ್ನೂರು ಜನರಿಗೆ ಮಾತ್ರ ಪ್ರವೇಶ, ಟಿಕೆಟ್ ಮೇಲೆ ನಿಮ್ಮ ಹೊತ್ತು ಬರೆದಿರುತ್ತದೆ, ಅದು ತಪ್ಪಿದರೆ ಮತ್ತೆ ಬಿಡುವುದಿಲ್ಲ. ಟಿಕೆಟ್ ಹೆಸರಿನಲ್ಲಿರುತ್ತದೆ, ಪಾಸ್‌ಪೋರ್ಟ್ ತೋರಿಸಬೇಕು. ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಹಾಕಿ, ನಮ್ಮಲ್ಲಿ ಅಪ್ಪನ ಹೆಸರು, ಊರ ಹೆಸರು, ಇನಿಷಿಯಲ್ಲು ಅಂತ ಒಂದೊಂದು ಕಡೆ ಒಂದೊಂದು ಥರ ಬರೆಯುವ ಅಭ್ಯಾಸ ಅಲ್ವಾ, ಅಲ್ಲಿ ಅದು ನಡೆಯುವುದಿಲ್ಲ. ಗುರುವಾರದ್ದು ಖಾಲಿಯಾಗಿದ್ದರೆ ಬುಧವಾರ ನೋಡಿ. ಅದೂ ಇಲ್ಲದೆ ಸೋಮವಾರದ್ದು ಮಾತ್ರ ಸಿಕ್ಕರೆ ಪ್ರವಾಸವನ್ನೇ ತಿರುಗಿಸಿ, ಗ್ರಾನಡಾದಿಂದ ಶುರು ಮಾಡಿ. ಅಷ್ಟು ಯೋಗ್ಯ ಜಾಗ ಅದು.

ಅಂದಹಾಗೆ ಗ್ರಾನಡಾ ಊರೊಳಗೆ ಸೋಮವಾರ ಸಿಕ್ಕಿಕೊಂಡವರಿಗೂ ಕೆಲಸ ಇದೆ. ರಾಜ ಫರ್ಡಿನೆಂಡ್ ಮತ್ತು ರಾಣಿ ಇಸಬೆಲ್ಲಾ ಮಲಗಿರುವ ಗೋರಿಮಂದಿರ, ಕೆಥೆಡ್ರಲ್, ದಾರ್ರೊ ನದಿ ಪಕ್ಕದ ಹನ್ನೊಂದನೇ ಶತಮಾನದ ಅರಬ್ಬಿ ಸ್ನಾನಗೃಹ ಬನ್ಯುವೆಲೊ, ಎಲ್ಲಾ ಇವೆ. ವಿಜ್ಞಾನ ಪಾರ್ಕ್ ಮತ್ತು ಕವಿ ಲೋರ್ಕಾ ಅವರ ಬೇಸಿಗೆ ಮನೆ ಮಾತ್ರ ಇಲ್ಲ.

ಈಗ ಮಾಲಗಾ, ನಿಮ್ಮ ಕೊನೆಯ ಸೋಮವಾರ. ಕಮಿನಿತೊ ದೆಲ್ ರೇ ಅಂದರೆ ಆಳವಾದ ಕಣಿವೆಯ ಗೋಡೆಗೆ ಅಂಟಿಸಿದ ಹಲಗೆ ದಾರಿ, 2015ರಲ್ಲಿ ಹೊಸದಾಗಿ ಕಟ್ಟಿ ತೆರೆದಿದ್ದು. ಒಟ್ಟು ಏಳು ಮುಕ್ಕಾಲು ಕಿಲೋಮೀಟರ್ ಹತ್ತಿರ, ಅದರಲ್ಲಿ ಸುಮಾರು ಮೂರು ಕಿಲೋಮೀಟರ್ ಹಲಗೆ ಮೇಲೆ. ತಲೆಗೆ ಹೆಲ್ಮೆಟ್, ಒಂದೇ ದಿಕ್ಕಿನಲ್ಲಿ ನಡಿಗೆ, ವಾಪಸ್ ಬರುವುದಕ್ಕೆ ಬಸ್ಸು. ಮಂಗಳವಾರದಿಂದ ಭಾನುವಾರ ಮಾತ್ರ. ಅದನ್ನು ಶನಿವಾರಕ್ಕೆ ಹಾಕಿಕೊಳ್ಳಿ. ಗಾಳಿ ಜೋರಾದರೆ, ಮಳೆ ಬಂದರೆ ಮುಚ್ಚಿಬಿಡುತ್ತಾರೆ, ಹಾಗಾಗಿ ವಿಮಾನದ ದಿನ ಇಂಥ ಜಾಗ ಇಟ್ಟುಕೊಳ್ಳುವುದು ಸೋಮವಾರ ಅಲ್ಲದಿದ್ದರೂ ನನಗೆ ಒಪ್ಪಿಗೆಯಿಲ್ಲ. ಅಪ್ಪ ಅಮ್ಮನಿಗೆ ಎತ್ತರದ ಭಯ ಇದ್ದರೆ ಅವರು ಬೇಡ, ಮಧ್ಯದಲ್ಲಿ ವಾಪಸ್ ಬರಲು ಆಗುವುದಿಲ್ಲ. ನೀವಿಬ್ಬರು ಹೋಗಿಬನ್ನಿ.

ಸೋಮವಾರಕ್ಕೆ ಮಾಲಗಾ ಊರೇ ಸಾಕು. ಪಿಕಾಸೊ ಮ್ಯೂಸಿಯಂ ಸೋಮವಾರ ತೆರೆದಿರುತ್ತದೆ. ಆತ ಹುಟ್ಟಿದ್ದು ಇದೇ ಊರಿನಲ್ಲಿ, 1881ರಲ್ಲಿ. ಮ್ಯೂಸಿಯಂ ಬಂದಿದ್ದು ಮಾತ್ರ 2003ರಲ್ಲಿ. ಕಟ್ಟಡದ ನೆಲಮಾಳಿಗೆಗೆ ಇಳಿಯಿರಿ, ಫಿನೀಷಿಯನ್ನರ ಕಾಲದ ಗೋಡೆಗಳನ್ನು ಹಾಗೇ ಉಳಿಸಿದ್ದಾರೆ. ಬಂದರಿನ ಹತ್ತಿರ ಬಣ್ಣಬಣ್ಣದ ಗಾಜಿನ ಪೆಟ್ಟಿಗೆ ಕಾಣುತ್ತದಲ್ಲ, ಅದು ಪಾಂಪಿದು ಕೇಂದ್ರ, ಪ್ಯಾರಿಸ್‌ನ ಮ್ಯೂಸಿಯಂನ ಶಾಖೆ. ಪ್ಯಾರಿಸ್‌ನ ತಾಯಿ ಸಂಸ್ಥೆ 2025ರಲ್ಲಿ ದುರಸ್ತಿಗೆ ಮುಚ್ಚುವ ತನಕ ಅದರ ವಾರದ ರಜೆ ಮಂಗಳವಾರವಾಗಿತ್ತು, ಮಗುವಿಗೂ ಮಂಗಳವಾರವೇ ರಜೆ, ಸೋಮವಾರ ನಿಮಗೆ ಸಿಗುತ್ತದೆ. ಆದರೆ ಕಾರ್ಮೆನ್ ಥೈಸೆನ್ ಮ್ಯೂಸಿಯಂ, ರಷ್ಯನ್ ಚಿತ್ರಗಳ ಸಂಗ್ರಹ, ಮಾಲಗಾ ಮ್ಯೂಸಿಯಂ, ಈ ಮೂರೂ ಸೋಮವಾರ ಇಲ್ಲ, ಅವನ್ನು ನೋಡುವುದಾದರೆ ಭಾನುವಾರ ಮುಗಿಸಿ.

ಅಲ್ಕಸಾಬಾ ಕೋಟೆ ದಿನಾ ಇದೆ. ಏರು ಜಾಸ್ತಿ ಅನ್ನಿಸಿದರೆ ಹಿಂಬದಿಯ ಬೀದಿಯಿಂದ ಲಿಫ್ಟ್ ಇದೆ, ಹೆಚ್ಚಿನವರಿಗೆ ಅದು ಗೊತ್ತೇ ಇಲ್ಲ, ಏದುಸಿರು ಬಿಡುತ್ತಾ ಹತ್ತುತ್ತಾರೆ. ಇನ್ನೂ ಮೇಲಿನ ಹಿಬ್ರಾಲ್ಫಾರೊ ಕೋಟೆಗೆ 35ನೇ ನಂಬರ್ ಬಸ್ಸು. ಕೆಥೆಡ್ರಲ್ ಸೋಮವಾರ ಇದೆ, ಎರಡನೇ ಗೋಪುರ ಅರ್ಧಕ್ಕೇ ನಿಂತಿದ್ದರಿಂದ ಊರವರು ಅದನ್ನು ಒಂಟಿಗೈಯವಳು ಅಂತ ಕರೆಯುತ್ತಾರೆ. ಅತಾರಸಾನಾಸ್ ಮಾರುಕಟ್ಟೆ ಭಾನುವಾರ ಮುಚ್ಚಿ ಸೋಮವಾರ ತೆರೆಯುತ್ತದೆ.

ಊರು ಬಿಟ್ಟು ಹೊರಗೆ ಹೋಗಲೇಬೇಕು ಅನ್ನುವುದಾದರೆ ಎರಡು ಕಡೆ ಇದೆ. ಒಂದು ನೆರ್ಹಾ ಗುಹೆ, ಪೂರ್ವಕ್ಕೆ ಐವತ್ತು ಕಿಲೋಮೀಟರ್ ಹತ್ತಿರ, 1959ರಲ್ಲಿ ಐದು ಹುಡುಗರು ಕಂಡುಹಿಡಿದಿದ್ದು, ಜನವರಿ 1 ಮತ್ತು ಮೇ 15 ಬಿಟ್ಟರೆ ದಿನಾ ತೆರೆದಿರುತ್ತದೆ. ಇನ್ನೊಂದು ರೊಂದಾ. ರೊಂದಾದ ಸೊಬಗು ಇರುವುದೇ ಸೇತುವೆ ಮತ್ತು ಕಣಿವೆಯಲ್ಲಿ, 1793ರಲ್ಲಿ ಮುಗಿದ ಸೇತುವೆ, ನೂರು ಮೀಟರ್ ಹತ್ತಿರ ಎತ್ತರ, ಅದಕ್ಕೆ ಯಾವ ವಾರವೂ ರಜೆಯಿಲ್ಲ. ಆದರೆ ವಿಮಾನದ ದಿನ ರೊಂದಾ ದೂರವೇ, ಭಾನುವಾರ ಹೋಗಿ.

ಇನ್ನು ಹುಡುಕುವುದು ಹೇಗೆ ಅಂತ ಕೇಳಿದಿರಿ. ಮೊಬೈಲ್ ಮ್ಯಾಪ್‌ನಲ್ಲಿ ತೋರಿಸುವ ಸಮಯವನ್ನು ಪೂರ್ತಿ ನಂಬಬೇಡಿ, ಹಬ್ಬದ ದಿನ ಅದು ಕೈ ಕೊಡುತ್ತದೆ. ಆ ಜಾಗದ ಸ್ವಂತ ವೆಬ್‌ಸೈಟಿನಲ್ಲಿ "ಒರಾರಿಯೊ" ಅನ್ನುವ ಪುಟ ಇರುತ್ತದೆ, ವೇಳಾಪಟ್ಟಿ ಅಂತ ಅರ್ಥ. "ಸೆರ್ರಾದೊ" ಅಂದರೆ ಮುಚ್ಚಿದೆ. ವಾರದ ಹೆಸರುಗಳನ್ನು ಕಲಿಯುವುದು ನಮಗೆ ಇಂಗ್ಲಿಷ್‌ನವರಿಗಿಂತ ಸುಲಭ. ಲೂನೆಸ್ ಚಂದ್ರನ ದಿನ, ನಮ್ಮ ಸೋಮನೂ ಚಂದ್ರನೇ. ಮಾರ್ತೆಸ್ ಮಂಗಳ, ಮಿಯೆರ್ಕೊಲೆಸ್ ಬುಧ, ಹುವೇವೆಸ್ ಗುರು, ವಿಯೆರ್ನೆಸ್ ಶುಕ್ರ. ಅದೇ ಗ್ರಹ, ಅದೇ ಸಾಲು.

ತೊಂದರೆ ಬರುವುದು ಒಂದೇ ಅಕ್ಷರದಲ್ಲಿ ಬರೆದಾಗ. ಸೋಮವಾರಕ್ಕೆ ಎಲ್, ಮಂಗಳವಾರಕ್ಕೆ ಎಮ್, ಬುಧವಾರಕ್ಕೆ ಎಕ್ಸ್, ಭಾನುವಾರಕ್ಕೆ ಡಿ. ನನ್ನ ಎರಡನೇ ಪ್ರವಾಸದಲ್ಲಿ ಒಂದು ಹಳೆ ಊರಿನ ಅವಶೇಷದ ಪುಟದಲ್ಲಿ "ಎಮ್‌ನಿಂದ ಡಿ" ಅಂತ ಇತ್ತು. ಎಮ್ ಅಂದರೆ ಮಂಡೇ ಅಂದುಕೊಂಡೆ. ಎಂಟು ಜನರನ್ನು, ಅದರಲ್ಲಿ ಒಬ್ಬರು ಎಪ್ಪತ್ತು ದಾಟಿದವರು, ಬಸ್ಸಿನಲ್ಲಿ ಕರೆದುಕೊಂಡು ಊರ ಹೊರಗೆ ಹೋದರೆ ಗೇಟಿಗೆ ಸರಪಳಿ, ಒಳಗೆ ಒಂದು ಬೆಕ್ಕು. ವಾಪಸ್ ಬಸ್ಸಿಗೆ ಒಂದು ಗಂಟೆ. ಆ ಎಪ್ಪತ್ತು ದಾಟಿದವರು ಚೀಲದಿಂದ ಕೋಡುಬಳೆ ತೆಗೆದು ಹಂಚಿದ್ದರಿಂದ ನನ್ನ ಮಾನ ಉಳಿಯಿತು.

ಇನ್ನೊಂದು ಪದ "ಫೆಸ್ತಿವೊ", ಸರ್ಕಾರಿ ರಜೆ. ಹಲವು ಕಡೆ "ಹಬ್ಬವಲ್ಲದ ಸೋಮವಾರ ಮುಚ್ಚಿದೆ" ಅಂತ ಬರೆದಿರುತ್ತಾರೆ. ಅಂದರೆ ಸೋಮವಾರವೇ ಸರ್ಕಾರಿ ರಜೆಯಾದರೆ ಅವತ್ತು ತೆರೆಯುತ್ತಾರೆ, ಸಾಮಾನ್ಯವಾಗಿ ಮಧ್ಯಾಹ್ನದವರೆಗೆ. ಕೆಲವರು ಅದರ ಬದಲು ಮಂಗಳವಾರ ಮುಚ್ಚುತ್ತಾರೆ. ಭಾನುವಾರ ಬಿದ್ದ ರಜೆಯನ್ನು ಅಂದಲೂಸಿಯಾದಲ್ಲಿ ಸೋಮವಾರಕ್ಕೆ ದಾಟಿಸುವುದೂ ಇದೆ. ಇದು ನಿಮಗೆ ಯಾಕೆ ಮುಖ್ಯ ಅಂದರೆ, ಅಕ್ಟೋಬರ್ 12 ಸ್ಪೇನಿನ ರಾಷ್ಟ್ರೀಯ ದಿನ, 2026ರಲ್ಲಿ ಅದು ಸೋಮವಾರವೇ ಬರುತ್ತದೆ, ದಸರೆಯ ಹೊತ್ತಿಗೇ. ನೀವು ತಾರೀಕು ಬರೆದಿಲ್ಲ. ನಿಮ್ಮ ಎರಡರಲ್ಲಿ ಒಂದು ಸೋಮವಾರ ಅದೇ ಆಗಿದ್ದರೆ ಮುಚ್ಚಿರುವ ಜಾಗ ಕಡಿಮೆ, ಜನ ಮಾತ್ರ ವಿಪರೀತ. ಶನಿವಾರದಿಂದ ಸೋಮವಾರದವರೆಗೆ ಸ್ಪೇನಿನವರೇ ಊರೂರು ತಿರುಗುತ್ತಿರುತ್ತಾರೆ. ರೈಲು ಟಿಕೆಟ್ ಆದಷ್ಟು ಬೇಗ ತೆಗೆಯಿರಿ.

ಊಟದ ವಿಷಯವನ್ನೂ ಸೇರಿಸುತ್ತೇನೆ, ಯಾಕೆಂದರೆ ಹೋಟೆಲ್‌ಗಳಿಗೂ ಸೋಮವಾರ ರಜೆಯ ರೋಗ ಇದೆ. ಭಾನುವಾರ ರಾತ್ರಿ ಮತ್ತು ಸೋಮವಾರ ಒಳ್ಳೆಯ ಸಣ್ಣ ಊಟದ ಮನೆಗಳು ಹಲವು ಮುಚ್ಚಿರುತ್ತವೆ. ಸೋಮವಾರದ ಊಟದ ಜಾಗವನ್ನು ಮುಂಚೆಯೇ ನೋಡಿಟ್ಟುಕೊಳ್ಳಿ. ಸಸ್ಯಾಹಾರಿಗಳಾಗಿದ್ದರೆ ಸೆವಿಲ್‌ನಲ್ಲಿ ಪಾಲಕ್ ಮತ್ತು ಕಡಲೆಕಾಳಿನ ಪಲ್ಯ ಕೇಳಿ, ಜೀರಿಗೆ ಹಾಕಿರುತ್ತಾರೆ, ಬಾಯಿಗೆ ಹಿತ. ಕೊರ್ಡೊಬಾದಲ್ಲಿ ಬದನೆಕಾಯಿ ಕರಿದು ಜೋನಿ ಬೆಲ್ಲದಂಥ ಕಬ್ಬಿನ ಪಾಕ ಸುರಿದು ಕೊಡುತ್ತಾರೆ. ಅಲ್ಲಿನ ಟೊಮೆಟೊ ತಣ್ಣನೆ ಸಾರು ಸಾಲ್ಮೊರೆಹೊ ಮೇಲೆ ಹಂದಿ ಮಾಂಸದ ಚೂರು ಉದುರಿಸುವುದು ರೂಢಿ, "ಸಿನ್ ಹಮೋನ್" ಅಂತ ಮೊದಲೇ ಹೇಳಿ. ಮೊಟ್ಟೆಯೂ ಬೇಡದಿದ್ದರೆ "ಸಿನ್ ಉಯೆವೊ".

ವಾಪಸ್ ವಿಮಾನ ಮ್ಯಾಡ್ರಿಡ್ ಮೇಲೆ ಇದ್ದು ಅಲ್ಲಿ ಸೋಮವಾರ ಅರ್ಧ ದಿನ ಸಿಗುವ ಹಾಗಿದ್ದರೆ, ಪ್ರಾದೊ ಮ್ಯೂಸಿಯಂ ಸೋಮವಾರ ಇದೆ, ರೇನಾ ಸೊಫಿಯಾ ಮ್ಯೂಸಿಯಂನ ರಜೆ ಮಂಗಳವಾರ, ಥೈಸೆನ್ ಮ್ಯೂಸಿಯಂ ಸೋಮವಾರ ಮಧ್ಯಾಹ್ನ 12ರಿಂದ 4ರವರೆಗೆ ಉಚಿತ.

ಮಾಲಗಾದಿಂದಲೇ ಹೊರಡುವುದಾದರೆ ಕೊನೆಯ ದಿನ ಹೋಟೆಲ್ ಬಿಟ್ಟ ಮೇಲೆ ಸೂಟ್‌ಕೇಸ್‌ಗಳನ್ನು ಮರಿಯಾ ಸಂಬ್ರಾನೊ ರೈಲು ನಿಲ್ದಾಣದ ಲಾಕರ್‌ನಲ್ಲಿ ಹಾಕಿ. ವಿಮಾನ ನಿಲ್ದಾಣಕ್ಕೆ ಲೋಕಲ್ ರೈಲು ಅಲ್ಲಿಂದಲೇ, ಕಾಲು ಗಂಟೆಯೂ ಬೇಡ. ಸಂಜೆ ಆರರವರೆಗೆ ಕೈ ಬೀಸಿಕೊಂಡು ಊರು ತಿರುಗಬಹುದು. ತಾರೀಕು ಗೊತ್ತಾದ ಮೇಲೆ ಒಂದು ಸಾಲು ಬರೆಯಿರಿ, 12 ಬೀಳುತ್ತದಾ ನೋಡಿ ಹೇಳುತ್ತೇನೆ.